ಬೈಬಲ್ ಕಥೆಗಳ ಶಿಶುಬೋಧೆ: ಕೈಗೆಲಸವೂ ಕಥಾರ್ಥವೂ

ಕಥಾವ್ಯಾಜದಿಂದ ಬಾಲಕರಿಗೆ ಧರ್ಮವನ್ನು ಬೋಧಿಸುವ ಪದ್ಧತಿಯು ಸಕಲ ಮತಗಳಲ್ಲಿಯೂ ಪ್ರಾಚೀನವಾದುದು. ಕ್ರೈಸ್ತರಲ್ಲಿ ಈ ಕಾರ್ಯಕ್ಕೆ ಬೈಬಲಿನ ಕಥೆಗಳೇ ಆಧಾರ. ಈಗ ಆ ಕಥೆಗಳನ್ನು ಎಳೆಯ ಮಕ್ಕಳಿಗೆ ಹೇಳಿದೊಡನೆಯೇ ಚಿತ್ರಕ್ಕೆ ಬಣ್ಣ ತುಂಬಿಸುವುದು, ಕಾಗದವನ್ನು ಕತ್ತರಿಸಿ ಅಂಟಿಸುವುದು, ಬೊಂಬೆಗಳನ್ನು ಆಡಿಸುವುದು, ಹಾಡು, ಅಭಿನಯ ಮೊದಲಾದ ಕ್ರಿಯೆಗಳನ್ನು ಮಾಡಿಸುವುದು ವಾಡಿಕೆಯಾಗಿದೆ. ಶಿಶುವು ಕೇವಲ ಶ್ರವಣದಿಂದ ಗ್ರಹಿಸಲಾರದು, ಕೈಯೂ ಕಣ್ಣೂ ಕಿವಿಯೊಡನೆ ಕೂಡಬೇಕು ಎಂಬುದು ಇದರ ಸಮರ್ಥನೆ. ಈ ಮಾತು ಯುಕ್ತವೇ. ಆದರೆ ಇಂತಹ ಕ್ರಿಯೆಗಳೆಲ್ಲವೂ ಕಥೆಯನ್ನು ಮಗುವಿನ ಮನಸ್ಸಿಗೆ ಮುಟ್ಟಿಸುತ್ತವೆಯೋ, ಅಥವಾ ಕೆಲವು ಮಗುವಿನ ಕೈಯನ್ನು ಮಾತ್ರ ತೊಡಗಿಸಿ ಕಥೆಯನ್ನು ಮರೆಸುತ್ತವೆಯೋ ಎಂಬುದು ವಿಚಾರಣೀಯವಾಗಿದೆ.

ಇದನ್ನು ನಿರ್ಣಯಿಸಲು ಶಾಸ್ತ್ರಜ್ಞರ ಅನ್ವಯವ್ಯತಿರೇಕಗಳೇ ಸಾಕು. ಕಥೆಯಿದ್ದರೆ ಯಾವ ಕ್ರಿಯೆಗೆ ಅರ್ಥವುಂಟೋ, ಕಥೆಯನ್ನು ತೆಗೆದರೆ ಯಾವುದು ನಿರರ್ಥಕವಾಗುವುದೋ ಅದು ಕಥೆಗೆ ಅಂಗವಾದ ಕ್ರಿಯೆ. ಕಥೆಯನ್ನು ತೆಗೆದರೂ ಯಾವುದು ಯಥಾಸ್ಥಿತವಾಗಿ ಉಳಿಯುವುದೋ ಅದು ಕಥೆಗೆ ಹೊರಗಿನದು.

ಮೊದಲು ಕ್ರಿಯೆಯಿಲ್ಲದ ಹಳೆಯ ಮಾರ್ಗವನ್ನು ನೋಡಬಹುದು. ಜರ್ಮನಿಯ ಹ್ಯಾಂಬರ್ಗ್ ನಗರದ ಪಾಠಶಾಲಾಧ್ಯಕ್ಷ ಯೋಹಾನ್ ಹ್ಯೂಬ್ನರನು ೧೭೧೪ರಲ್ಲಿ ಹಳೆಯ ಒಡಂಬಡಿಕೆಯಿಂದ ೫೨, ಹೊಸ ಒಡಂಬಡಿಕೆಯಿಂದ ೫೨ ಕಥೆಗಳನ್ನು ಆಯ್ದು ಬಾಲಕರಿಗಾಗಿ ಪ್ರಕಟಿಸಿದನು. ಪ್ರತಿಯೊಂದು ಕಥೆಯ ಬಳಿಕ ಪ್ರಶ್ನೆಗಳು, ಅನಂತರ ಪ್ರಯೋಜನಕರವಾದ ಪಾಠಗಳು, ಕೊನೆಗೆ ಭಕ್ತಿಪರವಾದ ಪದ್ಯ. ಈ ಗ್ರಂಥವು ಬಹುಕಾಲ ಪ್ರಚಾರದಲ್ಲಿದ್ದಿತು. ಇದರ ಕ್ರಮವು ಅಚ್ಚುಕಟ್ಟಾದುದು, ಜ್ಞಾಪಕಶಕ್ತಿಗೆ ಹಿತವಾದುದು. ಆದರೆ ಕಥೆಯ ತಾತ್ಪರ್ಯವನ್ನು ಗ್ರಂಥಕಾರನೇ ಹೇಳಿ ಮುಗಿಸುವುದರಿಂದ ಬಾಲಕನಿಗೆ ಉಳಿಯುವುದು ಒಪ್ಪಿಸುವ ಕೆಲಸ ಮಾತ್ರ. ಮಮ್ಮಟನ ವಿಭಾಗದಂತೆ ಹೇಳುವುದಾದರೆ, ಇಲ್ಲಿ ಕಥೆಯು ಕಾಂತಾಸಮ್ಮಿತವಾಗಿ ಪ್ರಾರಂಭವಾಗಿ ಪ್ರಭುಸಮ್ಮಿತವಾಗಿ ಕೊನೆಗಾಣುತ್ತದೆ.

ಇನ್ನು ಕ್ರಿಯೆಯೇ ಕಥೆಯನ್ನು ಮುಚ್ಚಿದುದಕ್ಕೆ ನೋಹನ ನಾವೆಯು ಪ್ರಸಿದ್ಧವಾದ ನಿದರ್ಶನ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಜೈಫನ್ ಗ್ರಾಮದ ಮರಗೆಲಸದವರು ಮರದ ದುಂಡನ್ನು ತಿರುಗಣೆಗೆ ಹಿಡಿದು ಬಳೆಯಾಕಾರವಾಗಿ ಕಡೆದು, ಆ ಬಳೆಯನ್ನು ಸೀಳಿದರೆ ಒಂದೊಂದು ಹೋಳೂ ಒಂದೊಂದು ಪ್ರಾಣಿಯಾಗುವಂತಹ ಚಮತ್ಕಾರವನ್ನು ಸಾಧಿಸಿದ್ದರು. ಹೀಗೆ ಆದ ಪ್ರಾಣಿಗಳ ಜೋಡಿಗಳೊಡನೆ ಮರದ ನಾವೆಗಳು ದೇಶಾಂತರಗಳಿಗೆ ಹೋದವು. ೧೯ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಭಾನುವಾರ ಇತರ ಆಟದ ಸಾಮಾನುಗಳನ್ನು ನಿಷೇಧಿಸಿದ್ದ ಆಚಾರವಂತರ ಮನೆಗಳಲ್ಲಿಯೂ ಇದು ಬೈಬಲಿಗೆ ಸೇರಿದುದೆಂದು ಅನುಮತಿ ಪಡೆದಿದ್ದಿತು. ಆದರೆ ಆದಿಕಾಂಡದ ೬ರಿಂದ ೯ರವರೆಗಿನ ಅಧ್ಯಾಯಗಳಲ್ಲಿ ಈ ಕಥೆಯ ಸ್ಥಾಯಿ ಯಾವುದು? ಲೋಕದ ದುಷ್ಟತನ, ಜಲಪ್ರಳಯ, ಸಮಸ್ತ ಪ್ರಾಣಿಗಳ ನಾಶ, ಉಳಿದವರ ದೀರ್ಘ ನಿರೀಕ್ಷೆ, ಕೊನೆಯಲ್ಲಿ ಮುಗಿಲಿನಲ್ಲಿ ಬಿಲ್ಲು ಮೂಡಿ ಅಭಯ. ಭಯಾನಕ ಕರುಣಗಳನ್ನು ದಾಟಿ ಶಾಂತಕ್ಕೆ ಬರುವ ಈ ಕಥೆಯಿಂದ ಆಟಕ್ಕೆ ಉಳಿದುದು ಪ್ರಾಣಿಗಳ ಸಾಲು ಮಾತ್ರ. ಇಂದು ಶಿಶುಗಳಿಗೆ ಕೊಡುವ ಬಣ್ಣದ ಹಾಳೆಗಳಲ್ಲಿಯೂ ಇದೇ ಸಾಲು. ಜಿರಾಫೆಗೆ ಹಳದಿ ಬಣ್ಣ ತುಂಬಿದ ಮಗುವು ನೋಹನ ಕಥೆಯನ್ನು ಕೇಳಿದ್ದರೂ ಕೇಳದಿದ್ದರೂ ಆ ಹಾಳೆಯು ಒಂದೇ ತೆರನಾಗಿರುತ್ತದೆ. ವ್ಯತಿರೇಕದಲ್ಲಿ ಅದು ನಿಲ್ಲದು.

ಅದೇ ಕಥೆಯಲ್ಲಿ ನಿಲ್ಲುವಂತಹ ಕ್ರಿಯೆಯೂ ಉಂಟು. ನೋಹನು ಪಾರಿವಾಳವನ್ನು ಬಿಡುತ್ತಾನೆ. ಅದು ಕಾಲೂರಲು ಎಡೆಯಿಲ್ಲದೆ ಮರಳುತ್ತದೆ. ಏಳು ದಿನಗಳ ಮೇಲೆ ಬಿಟ್ಟಾಗ ಆಲಿವ್ ಮರದ ಎಲೆಯೊಡನೆ ಮರಳುತ್ತದೆ. ಮತ್ತೆ ಏಳು ದಿನಗಳ ಮೇಲೆ ಬಿಟ್ಟಾಗ ಮರಳುವುದೇ ಇಲ್ಲ. ಈ ಮೂರು ಸಲದ ಕಳುಹಿಸುವಿಕೆಯನ್ನೂ ನಡುವಣ ಕಾಯುವಿಕೆಯನ್ನೂ ಮಕ್ಕಳು ಅಭಿನಯಿಸಿದರೆ, ಬಾರದಿರುವುದೇ ಶುಭವಾರ್ತೆಯೆಂಬ ಕಥಾರ್ಥವು ಯಾರೂ ಹೇಳದೆಯೇ ಹೊಳೆಯುತ್ತದೆ. ಕಥೆಯನ್ನು ತೆಗೆದರೆ ಈ ಅಭಿನಯಕ್ಕೆ ಏನೂ ಉಳಿಯದು. ಗಾನವೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಏಕೆಂದರೆ ಅಲ್ಲಿ ಕಥೆಯ ಮಾತೇ ಕ್ರಿಯೆಯ ಸಾಮಗ್ರಿ. ಕಿಟ್ಟೆಲರು ೧೮೬೨ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯು ಶಿಶುಗ್ರಂಥವಲ್ಲದಿದ್ದರೂ, ಕ್ರಿಸ್ತಚರಿತವನ್ನು ಕನ್ನಡದ ಪದ್ಯಬಂಧಕ್ಕೆ ತಂದ ಕಾರಣದಿಂದ ಇಲ್ಲಿ ಸ್ಮರಣೀಯವಾಗಿದೆ.

ಈ ವಿವೇಕವನ್ನು ಒಂದು ಪದ್ಧತಿಯಾಗಿ ರೂಪಿಸಿದ ಕೀರ್ತಿಯು ರೋಮ್ ನಗರದ ಹೀಬ್ರೂ ಶಾಸ್ತ್ರವಿದುಷಿ ಸೋಫಿಯಾ ಕವಾಲೆತ್ತಿಯವರಿಗೆ (೧೯೧೭–೨೦೧೧) ಸಲ್ಲತಕ್ಕದ್ದು. ಅವರು ೧೯೫೪ರಲ್ಲಿ, ಮಾಂಟೆಸ್ಸೊರಿ ಮಾರ್ಗದ ಉಪಾಧ್ಯಾಯಿನಿ ಜಾನ್ನಾ ಗೊಬ್ಬಿಯವರೊಡನೆ ಈ ಕಾರ್ಯವನ್ನು ಆರಂಭಿಸಿದರು. ೧೯೭೯ರಲ್ಲಿ ಶಿಶುವಿನ ಧಾರ್ಮಿಕ ಶಕ್ತಿಯನ್ನು ಕುರಿತ ಅವರ ಇಟಾಲಿಯನ್ ಗ್ರಂಥವು ಪ್ರಕಟವಾಯಿತು. ಅವರ ಮಾರ್ಗದಲ್ಲಿ ಸಾಮಗ್ರಿಯು ಅತ್ಯಲ್ಪ. ಯೋಹಾನನ ಸುವಾರ್ತೆಯ ೧೦ನೆಯ ಅಧ್ಯಾಯದ ಒಳ್ಳೇ ಕುರುಬನ ಸಾಮ್ಯಕ್ಕೆ ಮರದ ಒಂದು ಕುರಿಹಟ್ಟಿ, ಒಬ್ಬ ಕುರುಬ, ಕೆಲವು ಕುರಿಗಳು. ಸಾಸಿವೆ ಕಾಳಿನ ಸಾಮ್ಯಕ್ಕೆ ಸಾಸಿವೆ ಕಾಳುಗಳೇ. ಹುಳಿಹಿಟ್ಟಿನ ಸಾಮ್ಯಕ್ಕೆ ಎರಡು ಪಾತ್ರೆಗಳಲ್ಲಿ ಹಿಟ್ಟು, ಒಂದಕ್ಕೆ ಮಾತ್ರ ಹುಳಿ. ಉಪಾಧ್ಯಾಯಿನಿಯು ಕಥೆಯನ್ನು ಹೇಳಿ, ಬೊಂಬೆಗಳನ್ನು ನಡೆಸಿ, ಸುಮ್ಮನಾಗುತ್ತಾಳೆ. ಆಮೇಲೆ ಮಗುವು ತನಗೆ ಬೇಕೆನಿಸಿದಾಗ ಅವುಗಳನ್ನು ತಾನೇ ನಡೆಸುತ್ತದೆ. ಆ ಕುರಿಗಳು ಯಾರೆಂಬುದನ್ನು ಉಪಾಧ್ಯಾಯಿನಿಯು ಹೇಳಬಾರದು. ‘ಕುರಿ ನಾನೇ’ ಎಂಬ ಅರಿವು ಎಷ್ಟು ತಡವಾಗಿಯಾದರೂ ಮಗುವಿನಲ್ಲಿಯೇ ಉದಿಸಬೇಕು.

ಧ್ವನಿತತ್ತ್ವವನ್ನು ಬಲ್ಲವರಿಗೆ ಇದು ಹೊಸದಲ್ಲ. ವ್ಯಂಗ್ಯವನ್ನು ವಾಚ್ಯವಾಗಿ ಮಾಡಿದರೆ ಕಾವ್ಯವು ಕೆಡುವಂತೆ ಸಾಮ್ಯವೂ ಕೆಡುತ್ತದೆ. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆಯು ಕಾರಣವೆಂದು ಶಾಸ್ತ್ರಕಾರರು ಹೇಳುತ್ತಾರೆ. ತಾತ್ಪರ್ಯವನ್ನು ಮೊದಲೇ ಹೇಳುವ ಬೋಧಕನು ಆ ಆಕಾಂಕ್ಷೆಯನ್ನೇ ಕೊಲ್ಲುತ್ತಾನೆ. ಇನ್ನೊಂದು ಸೂಕ್ಷ್ಮವೂ ಗಮನಾರ್ಹವಾದುದು. ಈ ಮಾರ್ಗದಲ್ಲಿ ಯೇಸುವಿನ ಜನನಾದಿ ವೃತ್ತಾಂತಗಳಿಗೆ ತುಂಬುಗೆತ್ತನೆಯ ಬೊಂಬೆಗಳು, ಸಾಮ್ಯಗಳಿಗೆ ಚಪ್ಪಟೆಯಾದ ಹಲಗೆಯ ಆಕೃತಿಗಳು. ನಡೆದುದೆಂದು ಹೇಳುವ ಇತಿಹಾಸ ಬೇರೆ, ದೃಷ್ಟಾಂತವಾಗಿ ಕಲ್ಪಿಸಿದ ಕಥೆ ಬೇರೆ ಎಂಬ ಸಾಹಿತ್ಯಭೇದವನ್ನು ನಾಲ್ಕು ವರ್ಷದ ಮಗುವಿನ ಬೆರಳಿಗೆ ತಿಳಿಸುವ ಉಪಾಯವಿದು.

ಕವಾಲೆತ್ತಿಯವರಿಂದ ಪ್ರೇರಿತರಾದ ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ನರು ‘ಗಾಡ್ಲಿ ಪ್ಲೇ’ ಎಂಬ ಗ್ರಂಥವನ್ನು ೧೯೯೧ರಲ್ಲಿ ಪ್ರಕಟಿಸಿದರು. ಇಲ್ಲಿ ಅಬ್ರಹಾಮಾದಿಗಳ ಪ್ರಯಾಣಕ್ಕೆ ಮರಳು ತುಂಬಿದ ಪೆಟ್ಟಿಗೆಯೇ ಮರುಭೂಮಿ. ಹೇಳುವವನು ಮಕ್ಕಳ ಮುಖವನ್ನು ನೋಡದೆ ಸಾಮಗ್ರಿಯಲ್ಲಿಯೇ ದೃಷ್ಟಿಯಿಡುತ್ತಾನೆ. ಆದ್ದರಿಂದ ಮಕ್ಕಳ ದೃಷ್ಟಿಯೂ ಕಥೆಯ ಕಡೆಗೇ ತಿರುಗುತ್ತದೆ. ಕಥೆ ಮುಗಿದ ಮೇಲೆ ಯಾವ ಭಾಗ ಪ್ರಿಯ, ಯಾವುದು ಮುಖ್ಯ, ಕೇಳುವವನು ಕಥೆಯಲ್ಲಿ ಎಲ್ಲಿದ್ದಾನೆ, ಯಾವುದನ್ನು ಬಿಟ್ಟರೂ ಕಥೆ ಪೂರ್ಣವಾಗಿ ಉಳಿಯುತ್ತದೆ ಎಂಬ ಆಶಯದ ಪ್ರಶ್ನೆಗಳು. ಬಳಿಕ ಮಗುವು ಬಣ್ಣ, ಮಣ್ಣು ಮೊದಲಾದವುಗಳಲ್ಲಿ ತನಗೆ ಇಷ್ಟವಾದುದನ್ನು ಆರಿಸಿಕೊಳ್ಳುತ್ತದೆ. ಎಲ್ಲರಿಗೂ ಒಂದೇ ಮಾದರಿಯಿಲ್ಲ. ಕೊನೆಯ ಪ್ರಶ್ನೆಯು ವಿಶೇಷವಾಗಿ ಶ್ಲಾಘ್ಯ: ಅದು ಅಂಗಾಂಗಿವಿವೇಕವನ್ನು ಕಲಿಸುತ್ತದೆ. ಆದರೆ ಅವೇ ಪ್ರಶ್ನೆಗಳನ್ನು ವಾರವಾರವೂ ಕೇಳಿದರೆ ಅವೂ ಹ್ಯೂಬ್ನರನ ಪ್ರಶ್ನೆಗಳಂತೆ ಕಂಠಪಾಠವಾಗುವ ಅಪಾಯವುಂಟು.

ಕವಾಲೆತ್ತಿಯವರ ಮಾರ್ಗವೂ ನಿರ್ದೋಷವಲ್ಲ. ಗ್ರಂಥದಲ್ಲಿ ಪ್ರಮಾಣವಾಗಿ ನಿಲ್ಲುವುವು ಬಹುಮಟ್ಟಿಗೆ ಮಕ್ಕಳ ಮಾತುಗಳೂ ಚಿತ್ರಗಳೂ. ಅವು ಮನೋಹರವಾದರೂ ಬೋಧಕರೇ ಆಯ್ದವು. ಏನನ್ನೂ ಕಾಣದೆ ಹೋದ ಮಗುವಿನ ಸಾಕ್ಷ್ಯವು ಅಲ್ಲಿ ವಿರಳ. ಅಲ್ಲದೆ, ತಾತ್ಪರ್ಯವನ್ನು ಹೇಳದಿದ್ದರೆ ಮಗುವು ವಿಪರೀತಾರ್ಥವನ್ನು ಹಿಡಿಯಲಾರದೇ ಎಂಬ ಪೂರ್ವಪಕ್ಷವೂ ದುರ್ಬಲವಲ್ಲ. ಇದಕ್ಕೆ ಸಮಾಧಾನವು ಅವರ ಕ್ರಮದಲ್ಲಿಯೇ ಅಡಗಿದೆ: ನೀತಿಪ್ರಧಾನವಾದ ಸಾಮ್ಯಗಳನ್ನು ಆರು ವರ್ಷದ ಮೇಲೆಯೇ ಹೇಳತಕ್ಕದ್ದೆಂದು ಅಧಿಕಾರಭೇದವನ್ನು ಅವರು ಇಟ್ಟಿದ್ದಾರೆ. ಅರ್ಥವನ್ನು ಮುಚ್ಚಿಡುವುದು ಬೇರೆ, ಕಥೆಯನ್ನು ಅಧಿಕಾರಕ್ಕೆ ತಕ್ಕಂತೆ ಆಯ್ದು ಅರ್ಥವು ಪಕ್ವವಾಗುವವರೆಗೆ ಕಾಯುವುದು ಬೇರೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಕ್ರಿಯೆಗಳ ಸಂಖ್ಯೆಯಿಂದಾಗಲಿ ಬಣ್ಣದ ಸೊಗಸಿನಿಂದಾಗಲಿ ಬೋಧೆಯ ಬೆಲೆಯನ್ನು ಅಳೆಯಲಾಗದು. ಕಥೆಯ ನಡುವಣ ಮೌನವನ್ನು ಯಾವ ಕ್ರಿಯೆಯು ಉಳಿಸುವುದೋ ಅದೇ ಉಪಾದೇಯ. ಪ್ರತಿ ಪಾಠದ ಕೊನೆಯಲ್ಲಿ ನೀತಿಯ ಒಂದು ಸಾಲನ್ನು ಬರೆಯಿಸುವ ಕನ್ನಡ ಶಾಲೆಗಳ ಉಪಾಧ್ಯಾಯರೂ, ಪಂಚತಂತ್ರವನ್ನು ಹೇಳುವಾಗ ಈ ವಿಚಾರವನ್ನು ಮನಸ್ಸಿನಲ್ಲಿಡುವುದು ಉಚಿತ. ಆ ಸಾಲನ್ನು ಬರೆಯಿಸುವುದಕ್ಕೆ ಮೊದಲು ಒಂದು ದಿನ ತಡೆದರೆ, ಅದನ್ನು ಮಗುವೇ ಹೇಳುವ ಸಂಭವವುಂಟು.