ಒಣಕಲ್ಲಿಗೆ ಜೀವ ಬರುವ ಪರಿ
ಕಡಲನೀರಿನ ಅಕ್ವೇರಿಯಂಗೆ ತೊಟ್ಟಿ ತುಂಬ ಜೀವಂತ ಕಲ್ಲನ್ನೇ, ಅಂದರೆ ಬ್ಯಾಕ್ಟೀರಿಯಾ ನೆಲೆಸಿದ ಕಲ್ಲನ್ನೇ, ಕೊಳ್ಳುವುದು ದುಬಾರಿ. ಬಲ್ಲವರು ಅಗ್ಗದ ಒಣಕಲ್ಲು, ಒಣ ಅರಗೊನೈಟ್ ಮರಳು ಹಾಕಿ, ಚೆನ್ನಾಗಿ ನೆಲೆಗೊಂಡ ಹಳೆಯ ತೊಟ್ಟಿಯಿಂದ ಅಂಗೈಯಗಲದ ಒಂದು ಕಲ್ಲು, ಒಂದು ಬೊಗಸೆ ಮರಳು ತಂದು ಸೇರಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಎಂಥ ಜಾಣ್ಮೆ! ಅದರಲ್ಲಿನ ಬ್ಯಾಕ್ಟೀರಿಯಾ ಒಣಕಲ್ಲಿನ ರಂಧ್ರರಂಧ್ರಕ್ಕೂ ಹಬ್ಬಿ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ. ಆಮ್ಲಜನಕ ತಲುಪದ ಒಳಪದರಗಳಲ್ಲಿ ಅದೂ ನೈಟ್ರೋಜನ್ ಅನಿಲವಾಗಿ ಹೊರಟುಹೋಗುತ್ತದೆ. 25 ಡಿಗ್ರಿ ಆಸುಪಾಸಿನ ಉಪ್ಪುನೀರು, ಮೀನಿಲ್ಲದ ತೊಟ್ಟಿ, ಕೆಲವು ವಾರಗಳ ತಾಳ್ಮೆ ಸಾಕು. ಮೊದಲು ಕಂದು ಡಯಾಟಮ್ ಲೇಪ, ಗಾಬರಿಯಾಗಬೇಕಿಲ್ಲ. ತಿಂಗಳುಗಳು ಕಳೆದಂತೆ ಬಿಳಿಕಲ್ಲಿನ ಅಂಚಿನಲ್ಲಿ ಕೋರಲೈನ್ ಪಾಚಿಯ ನೇರಳೆ ಚುಕ್ಕಿ! ರಾತ್ರಿ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಪುಟಪುಟನೆ ಜಿಗಿಯುವ ಕೋಪೆಪಾಡ್ ಎಂಬ ಪುಟ್ಟ ಜೀವಿಗಳು. ಮ್ಯಾಂಡರಿನ್ ಮೀನು ಹೆಚ್ಚಾಗಿ ಬದುಕುವುದು ಇವನ್ನೇ ಹೆಕ್ಕಿ ತಿಂದು.