ಸವದತ್ತಿಯ ಶಕವರ್ಷ ೭೯೭: ಧಾರವಾಡದ ಶಾಸನಪಾಠಪರಂಪರೆಯ ಒಂದು ವಿಮರ್ಶೆ

ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯೂ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ವಿಭಾಗವೂ ಸಾಧಿಸಿದುದೇನೆಂದು ಕೇಳಿದರೆ ಪ್ರಕಟವಾದ ಸಂಪುಟಗಳನ್ನೂ ಹೊಸದಾಗಿ ದೊರೆತ ಶಿಲೆಗಳನ್ನೂ ಪದವಿ ಪಡೆದ ವಿದ್ಯಾರ್ಥಿಗಳನ್ನೂ ಎಣಿಸಿ ತೋರಿಸುವುದು ವಾಡಿಕೆ. ಈ ಎಣಿಕೆ ತಪ್ಪಲ್ಲ, ಆದರೆ ಸಾಲದು. ಹಿಂದಿನವರು ಕೊಟ್ಟ ಪಾಠವನ್ನು ಕಣ್ಣು ಮುಚ್ಚಿ ಸ್ವೀಕರಿಸದೆ, ಹಾಗೆಂದು ಅನಾದರಿಸದೆ, ಪರೀಕ್ಷಿಸಿ, ಆ ಪರೀಕ್ಷೆಯ ಹೆಜ್ಜೆಗಳನ್ನು ಮುಂದಿನವರು ಮತ್ತೆ ಪರೀಕ್ಷಿಸಬಲ್ಲಂತೆ ಬಿಟ್ಟುಹೋಗುವುದೇ ಶಾಸನವಿದ್ಯೆಯ ಮುಖ್ಯ ಸಾಧನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳ ಶಿಲಾಲೇಖಗಳು ಈ ಮಾತಿಗೆ ಒಳ್ಳೆಯ ಒರೆಗಲ್ಲು. ಅವುಗಳಲ್ಲಿಯೂ ಸವದತ್ತಿಯ ಒಂದು ಶಾಸನ ವಿಶೇಷವಾಗಿ ವಿಚಾರಾರ್ಹವಾಗಿರುವುದು.

ಈ ಸೀಮೆಯ ಶಾಸನಗಳನ್ನು ಮೊದಲು ಕ್ರಮವಾಗಿ ಓದಿದವರು ಮುಂಬಯಿ ಇಲಾಖೆಯ ಅಧಿಕಾರಿಗಳಾಗಿದ್ದ ಜೆ. ಎಫ್. ಫ್ಲೀಟರು (೧೮೪೭-೧೯೧೭). ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಲೇಖಗಳನ್ನು ಅವರು ೧೮೭೦ರ ದಶಕದಲ್ಲಿ ರಾಯಲ್ ಏಶಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ತರುವಾಯ ಎಲ್. ಡಿ. ಬಾರ್ನೆಟ್ಟರು ಲಂಡನ್ನಿನಲ್ಲಿದ್ದುಕೊಂಡೇ, ಫ್ಲೀಟರು ಬಿಟ್ಟುಹೋದ ಮಸಿಯಚ್ಚುಗಳ ಸಹಾಯದಿಂದ, ಬೈಲಹೊಂಗಲಕ್ಕೆ ಸಮೀಪದ ಸೊಗಲದ ಶಾಸನವನ್ನೂ ಸವದತ್ತಿಗೆ ಸಮೀಪದ ಹೂಲಿಯ ಶಾಸನಗಳನ್ನೂ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿದರು. ಇವರಿಬ್ಬರ ಪರಿಶ್ರಮ ಅಸಾಧಾರಣವಾದುದು. ಆದರೆ ಶಿಲೆಯ ಬಳಿಗೆ ಬೇಕಾದಾಗ ಹೋಗಿ, ಸಂದೇಹ ಬಂದ ಅಕ್ಷರವನ್ನು ಬೆಳಗಿನ ಓರೆಬಿಸಿಲಿನಲ್ಲಿ ಮತ್ತೊಮ್ಮೆ ನೋಡಿ ಬರುವ ಸೌಕರ್ಯ ಬಾರ್ನೆಟ್ಟರಿಗೆ ಇರಲಿಲ್ಲ. ೧೯೩೯ರಲ್ಲಿ ಮುಂಬಯಿ ಸರಕಾರದಿಂದ ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿ ಸ್ಥಾಪಿತವಾದಾಗ ಆ ಸೌಕರ್ಯ ಕನ್ನಡಿಗರಿಗೆ ಒದಗಿತು. ರಾ. ಸ್ವಾ. ಪಂಚಮುಖಿಯವರ ಸಂಪಾದಕತ್ವದಲ್ಲಿ ೧೯೪೧ರಲ್ಲಿ ‘ಕರ್ನಾಟಕ ಇನ್‌ಸ್ಕ್ರಿಪ್ಶನ್ಸ್’ ಮಾಲೆಯ ಮೊದಲ ಸಂಪುಟ ಹೊರಬಂದಿತು. ಅ. ಮ. ಅಣ್ಣಿಗೇರಿ, ಬಾ. ರಾ. ಗೋಪಾಲ ಮುಂತಾದವರು ಆ ಮಾಲೆಯನ್ನು ಮುಂದುವರಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಹುಟ್ಟಿ, ಮುಂದೆ ಸಂಸ್ಥೆಯು ಅದರ ಅಂಗವಾಗಲು, ಶಾಸನಶೋಧವೂ ಶಾಸನಬೋಧನೆಯೂ ಒಂದೇ ಆವರಣಕ್ಕೆ ಬಂದುವು.

ಇನ್ನು ಪ್ರಕೃತ ಶಾಸನದ ವಿಚಾರ. ಸವದತ್ತಿಯ, ಅಂದರೆ ಪ್ರಾಚೀನ ಸುಗಂಧವರ್ತಿಯ, ಜಿನಾಲಯಕ್ಕೆ ಸಂಬಂಧಿಸಿದ ಒಂದು ಶಿಲಾಲೇಖದಲ್ಲಿ ಮೇರಡನ ಮಗನಾದ ಪೃಥ್ವೀರಾಮನೆಂಬ ರಟ್ಟನು ಕಾರೇಯಗಣದ ಗುರುಗಳ ಶಿಷ್ಯನಾಗಿದ್ದನೆಂದೂ, ಕೃಷ್ಣರಾಜನಿಂದ ಮಹಾಸಾಮಂತ ಪದವಿಯನ್ನು ಪಡೆದನೆಂದೂ, ಜಿನಾಲಯಕ್ಕೆ ಭೂದಾನ ಮಾಡಿದನೆಂದೂ ಹೇಳಿ, ಶಕವರ್ಷ ೭೯೭ನ್ನು ಕೊಟ್ಟಿರುವುದು. ಅದು ಕ್ರಿಸ್ತಶಕ ೮೭೫-೭೬ಕ್ಕೆ ಸರಿಯಾಗುತ್ತದೆ. ಆದರೆ ಅದೇ ಶಿಲೆಯ ಮುಂದಿನ ಭಾಗದಲ್ಲಿ ಚಾಲುಕ್ಯವಿಕ್ರಮಕಾಲದ ೨೧ನೆಯ ವರ್ಷ, ಅಂದರೆ ೧೦೯೬-೯೭, ಬರುತ್ತದೆ. ಆದುದರಿಂದ ಇಡಿಯ ಲೇಖವು ಹನ್ನೊಂದನೆಯ ಶತಮಾನದ ಕೊನೆಗೆ ಅಥವಾ ಅದರಿಂದೀಚೆಗೆ ಕೊರೆಯಲ್ಪಟ್ಟುದೆಂಬುದು ನಿರ್ವಿವಾದ.

ತೊಡಕು ಇರುವುದು ಇಲ್ಲಿಯೇ. ಶಕ ೭೯೭ರಲ್ಲಿ ರಾಷ್ಟ್ರಕೂಟ ಸಿಂಹಾಸನದಲ್ಲಿದ್ದವನು ಕೃಷ್ಣನಲ್ಲ, ಅಮೋಘವರ್ಷ ನೃಪತುಂಗ (೮೧೪-೮೭೮). ಪೂರ್ವಪಕ್ಷಿಗಳು ಇದಕ್ಕೆ ಹೀಗೆ ಸಮಾಧಾನ ಹೇಳುವರು: ಅಮೋಘವರ್ಷನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂಬ ಮಾತು ಅವನದೆನ್ನಲಾದ ‘ಪ್ರಶ್ನೋತ್ತರರತ್ನಮಾಲಿಕೆ’ಯಲ್ಲಿಯೇ ಇರುವುದು, ಆದುದರಿಂದ ಅವನು ಬದುಕಿರುವಾಗಲೇ ಅವನ ಮಗನಾದ ಎರಡನೆಯ ಕೃಷ್ಣನು ಆಳುತ್ತಿದ್ದಿರಬೇಕು, ಸವದತ್ತಿಯ ಶಾಸನವೇ ಅದಕ್ಕೆ ಸಾಕ್ಷಿ. ಕೆಲವು ಇತಿಹಾಸಗ್ರಂಥಗಳಲ್ಲಿ ಎರಡನೆಯ ಕೃಷ್ಣನ ಆಳ್ವಿಕೆಯ ಆರಂಭಕ್ಕೆ ಈ ತಿಥಿಯನ್ನು ಆಧಾರವಾಗಿ ಹಿಡಿದಿರುವುದು ಈ ದಾರಿಯಿಂದಲೇ.

ಈ ಸಮಾಧಾನ ಚತುರವಾಗಿದೆ, ಆದರೆ ಗಟ್ಟಿಯಾಗಿಲ್ಲ. ಅದು ಅರಸನ ಹೆಸರಿನ ತೊಡಕನ್ನು ಬಿಡಿಸಬಹುದಲ್ಲದೆ ಸಾಮಂತನ ವಂಶದ ತೊಡಕನ್ನು ಬಿಡಿಸಲಾರದು. ಸವದತ್ತಿಯದೇ ಆದ ಮತ್ತೊಂದು ಶಾಸನ ಶಕ ೯೦೨ರದು, ಅಂದರೆ ೯೮೦ರದು. ಅದು ಇಮ್ಮಡಿ ತೈಲಪನ ಕಾಲಕ್ಕೆ ಸೇರಿದ ಸಮಕಾಲೀನ ಲೇಖ. ಅದರಲ್ಲಿ ದಾನ ಮಾಡಿದ ಶಾಂತಿವರ್ಮನು ಪಿಟ್ಟುಗನ ಮಗ, ಪೃಥ್ವೀರಾಮನ ಮೊಮ್ಮಗ. ಅಜ್ಜನು ೮೭೫ರಲ್ಲಿ ಮಹಾಸಾಮಂತ ಪದವಿಯನ್ನು ಪಡೆಯುವಷ್ಟು ಪ್ರೌಢನಾಗಿದ್ದು, ಮೊಮ್ಮಗನು ೧೦೫ ವರ್ಷಗಳ ಮೇಲೆ ಅಧಿಕಾರ ನಡೆಸುತ್ತ ದಾನ ಮಾಡಿದನೆಂದರೆ ಅಸಾಧ್ಯವೆನ್ನಲಾಗದಿದ್ದರೂ ನಂಬಲು ಬಲವಾದ ಹೇತು ಬೇಕು. ಅಂಥ ಹೇತು ಕಾಣುವುದಿಲ್ಲ. ಪೃಥ್ವೀರಾಮನ ಒಡೆಯನು ಮೂರನೆಯ ಕೃಷ್ಣನೆಂದು (೯೩೯-೯೬೭) ತಿಳಿದರೆ ಅಜ್ಜ, ಮಗ, ಮೊಮ್ಮಗ ಮೂವರೂ ಆಯಾಸವಿಲ್ಲದೆ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವರು. ಮೊದಲು ತಿಥಿಯನ್ನು ಒಪ್ಪಿದ್ದ ಫ್ಲೀಟರೇ ಮುಂದೆ ೧೮೯೬ರ ‘ಕನ್ನಡ ಜಿಲ್ಲೆಗಳ ರಾಜವಂಶಗಳು’ ಎಂಬ ಪ್ರಬಂಧದಲ್ಲಿ ಅದನ್ನು ಅಪ್ರಮಾಣವೆಂದು ಕೈಬಿಟ್ಟರು. ತನ್ನ ಪಾಠದಿಂದ ತಾನೇ ಎತ್ತಿದ ಅನುಮಾನವನ್ನು ಮುಂದೆ ತಾನೇ ಖಂಡಿಸುವುದು ವಿದ್ವತ್ತೆಗೆ ಭೂಷಣವೇ ಹೊರತು ಕುಂದಲ್ಲ.

ಹಾಗಾದರೆ ೧೦೯೬ರ ಲೇಖಕನು ಸುಳ್ಳು ಬರೆದನೇ? ಹಾಗೆನ್ನುವುದು ಅವಸರದ ಮಾತು. ಮೀಮಾಂಸಕರು ವಿಧಿವಾಕ್ಯಕ್ಕೂ ಅನುವಾದವಾಕ್ಯಕ್ಕೂ ಮಾಡುವ ಭೇದವು ಇಲ್ಲಿ ಬಹಳ ಉಪಯೋಗವಾಗುವುದು. ಹೊಸದಾಗಿ ವಿಧಿಸುವ ವಾಕ್ಯ ತನ್ನ ವಿಷಯದಲ್ಲಿ ತಾನೇ ಪ್ರಮಾಣ. ಬೇರೆಡೆಯಲ್ಲಿ ತಿಳಿದುದನ್ನು ಮತ್ತೆ ಹೇಳುವ ಅನುವಾದವು ತನ್ನ ಮೂಲದಷ್ಟೇ ಪ್ರಮಾಣ, ಅದಕ್ಕಿಂತ ಹೆಚ್ಚಲ್ಲ. ಈ ಶಿಲೆಯಲ್ಲಿ ೧೦೯೬ರ ದಾನವು ವಿಧಿ. ಪೃಥ್ವೀರಾಮನ ವೃತ್ತಾಂತವು ಅನುವಾದ. ಜಿನಾಲಯಕ್ಕೆ ಸಂದ ದಾನಗಳೆಲ್ಲವನ್ನೂ ಒಂದೇ ಕಲ್ಲಿನಲ್ಲಿ ಭದ್ರಪಡಿಸುವುದೇ ಲೇಖದ ತಾತ್ಪರ್ಯವಾಗಿದ್ದರೆ, ಲೇಖಕನ ಮುಂದೆ ಹಳೆಯ ಓಲೆಯೋ ತಾಮ್ರಪಟವೋ ಕೇಳಿಕೆಯೋ ಇದ್ದಿರಬೇಕು. ದಾನವಸ್ತುವಿನ ಸ್ಮೃತಿ ಉಳಿದು ವರ್ಷದ ಸ್ಮೃತಿ ಕದಡಿರಬಹುದು. ಲತ್ತಲೂರ್ಪುರವರಾಧೀಶ್ವರರೆಂಬ ಬಿರುದಿನಿಂದ ರಾಷ್ಟ್ರಕೂಟರ ನೆಂಟಸ್ತಿಕೆಯನ್ನು ಮೆರೆಯುತ್ತಿದ್ದ ವಂಶಕ್ಕೆ ಪ್ರಾಚೀನತೆ ಹೆಚ್ಚಿದಷ್ಟೂ ಹಿತವೇ ಆಗಿದ್ದಿತೆಂಬುದನ್ನೂ ಮರೆಯಬಾರದು. ಶಕ ೭೯೭ಕ್ಕೆ ಮನ್ಮಥಸಂವತ್ಸರವು ಗಣಿತದಲ್ಲಿ ಸರಿಯಾಗಿ ಕೂಡುವುದೆಂದು ಕೆಲವರು ಸಂತೋಷಪಡಬಹುದು. ಆದರೆ ಸಂವತ್ಸರವನ್ನು ಹಿಂದಕ್ಕೆ ಎಣಿಸುವುದು ಯಾವ ಜೋಯಿಸನಿಗೂ ಕಷ್ಟವಲ್ಲ. ಕಾಲಗಣನೆಯ ಶುದ್ಧಿಯಿಂದ ಘಟನೆಯ ಸತ್ಯತೆ ಸಿದ್ಧಿಸದು.

ಇಷ್ಟಕ್ಕೆ ಪ್ರಶ್ನೆ ಮುಗಿಯಿತೆನ್ನುವಂತಿಲ್ಲ. ಶಾಂತಿವರ್ಮನು ಸವದತ್ತಿಯಲ್ಲಿ ದಾನ ಮಾಡಿದ ಅದೇ ಶಕ ೯೦೨ರ ಸೊಗಲದ ಶಾಸನದಲ್ಲಿ ನನ್ನನ ವಂಶದ ರಟ್ಟ ಕಾರ್ತವೀರ್ಯನು ಕಾಣಿಸಿಕೊಳ್ಳುವನು. ಒಂದೇ ವರ್ಷದಲ್ಲಿ, ಒಂದೇ ಕೂಂಡಿನಾಡಿನಲ್ಲಿ, ಎರಡು ಮನೆತನಗಳ ಇಬ್ಬರು ಅಧಿಕಾರಿಗಳು! ಒಂದು ವಂಶ ಅಳಿದ ಮೇಲೆ ಇನ್ನೊಂದು ಬಂದಿತೆಂಬ ಸರಳವಾದ ಅನುಕ್ರಮ ಇದರಿಂದ ಸಡಿಲವಾಗುತ್ತದೆ. ರಾಷ್ಟ್ರಕೂಟರು ಅಳಿದು ಚಾಲುಕ್ಯರು ತಲೆಯೆತ್ತಿದ ಆ ಏಳೆಂಟು ವರ್ಷಗಳಲ್ಲಿ ನಾಡಿನ ಆಡಳಿತ ಹೇಗೆ ಹಂಚಿಹೋಗಿದ್ದಿತೆಂಬುದಕ್ಕೆ ಬೈಲಹೊಂಗಲ ಸವದತ್ತಿಗಳ ಈ ಎರಡು ಸಮಕಾಲೀನ ಶಿಲೆಗಳು ಯಾವ ಅರಮನೆಯ ಪ್ರಶಸ್ತಿಗಿಂತಲೂ ಹೆಚ್ಚಿನ ಬೆಲೆಯವು.

ಧಾರವಾಡದ ವಿದ್ವಾಂಸರ ಸಾಧನೆಯನ್ನು ತೂಗುವುದಕ್ಕೆ ಇಂಥ ಪ್ರಶ್ನೆಗಳೇ ತಕ್ಕ ತಕ್ಕಡಿ. ಡಾ॥ ಪಾ. ಭೀ. ದೇಸಾಯಿಯವರು ಸರಕಾರಿ ಶಾಸನ ಇಲಾಖೆಯ ಅನುಭವವನ್ನು ವಿಶ್ವವಿದ್ಯಾಲಯದ ಪಾಠಶಾಲೆಗೆ ತಂದರು. ೧೯೫೭ರಲ್ಲಿ ಪ್ರಕಟವಾದ ಅವರ ದಕ್ಷಿಣಭಾರತದ ಜೈನಧರ್ಮವನ್ನು ಕುರಿತ ಗ್ರಂಥವು ಶಾಸನಗಳಲ್ಲಿ ಬರುವ ಗಣಗಚ್ಛಗಳ ಹೆಸರುಗಳನ್ನು ಬರಿಯ ಹೆಸರುಗಳಾಗಿ ಬಿಡದೆ ಮತಚರಿತ್ರೆಯ ಸಾಮಗ್ರಿಯನ್ನಾಗಿ ಮಾಡಿತು. ಅದಕ್ಕೂ ಮೊದಲೇ, ಬೆಳಗಾವಿ ಜಿಲ್ಲೆಯ ಸದಲಗಿಯಲ್ಲಿ ಹುಟ್ಟಿದ ಡಾ॥ ಆ. ನೇ. ಉಪಾಧ್ಯೆಯವರು (೧೯೦೬-೧೯೭೫) ಯಾಪನೀಯ ಸಂಘದ ವಿಷಯವಾಗಿ ಬರೆದು, ಪ್ರಾಕೃತಗ್ರಂಥ ಮತ್ತು ಶಿಲಾಲೇಖ ಎರಡನ್ನೂ ಎದುರುಬದುರಾಗಿ ಇಟ್ಟು ಓದುವ ಮಾರ್ಗವನ್ನು ತೋರಿಸಿದ್ದರು. ಶಾಂತಿವರ್ಮನ ಶಾಸನದಲ್ಲಿ ಬರುವ ಕಂಡೂರ್ಗಣದ ಯತಿಗಳು ಯಾರೆಂಬುದು ಇತಿಹಾಸವೊಂದರಿಂದಲೇ ತಿಳಿಯುವ ವಿಷಯವಲ್ಲ; ಪ್ರಾಕೃತ ಬಲ್ಲವನ ನೆರವಿಲ್ಲದೆ ಆ ಪಂಕ್ತಿಗಳು ಮೂಕ. ಡಾ॥ ಶ್ರೀನಿವಾಸ ರಿತ್ತಿಯವರು ಸೇವುಣರನ್ನು ಕುರಿತು ೧೯೭೩ರಲ್ಲಿ ಗ್ರಂಥ ಪ್ರಕಟಿಸಿದರು. ರಟ್ಟರ ರಾಜ್ಯ ಯಾರ ಕೈಗೆ ಹೋಯಿತೆಂಬ ಪ್ರಶ್ನೆಗೆ ಆ ಗ್ರಂಥ ನೆರವಾಗುತ್ತದೆ. ಡಾ॥ ಅ. ಸುಂದರರು ಉತ್ತರ ಕರ್ನಾಟಕದ ಶಿಲಾಗೋರಿಗಳನ್ನು ಕುರಿತು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥ ಅಕ್ಷರವಿಲ್ಲದ ಕಾಲದ ಮಾತು. ಇಲ್ಲಿ ಅದನ್ನು ಹೆಸರಿಸಿದರೆ ಸಾಕು.

ಕನ್ನಡ ವಿಭಾಗದ ಕಡೆಯಿಂದ ಶಾಸನದತ್ತ ಬಂದವರಲ್ಲಿ ಡಾ॥ ಎಂ. ಎಂ. ಕಲಬುರ್ಗಿಯವರ (೧೯೩೮-೨೦೧೫) ಹೆಸರು ಮೊದಲು ಬರತಕ್ಕುದು. ‘ಶಾಸನಗಳಲ್ಲಿ ಶಿವಶರಣರು’ ಎಂಬ ಗ್ರಂಥದಲ್ಲಿ ಪುರಾಣದ ವ್ಯಕ್ತಿಗಳಿಗೆ ಶಿಲೆಯ ಸಾಕ್ಷ್ಯವನ್ನು ಹುಡುಕಿದ ಅವರ ಕ್ರಮ, ಸಾಹಿತ್ಯ ಮತ್ತು ಶಾಸನಗಳ ನಡುವಿನ ಗೋಡೆಯನ್ನು ಬಹಳಮಟ್ಟಿಗೆ ಕೆಡವಿತು. ಡಾ॥ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು (೧೯೬೬) ಇದೇ ಕೆಲಸವನ್ನು ಇನ್ನೊಂದು ದಿಕ್ಕಿನಿಂದ ಮಾಡಿದುದು ವಿದ್ವಜ್ಜನರಿಗೆ ವಿದಿತವೇ ಆಗಿದೆ.

ಆದರೂ ಒಂದು ಕೊರತೆಯನ್ನು ಹೇಳದೆ ಇರಲಾಗದು. ಇತಿಹಾಸದ ವಿದ್ಯಾರ್ಥಿ ಶಾಸನದಲ್ಲಿ ಅರಸನ ಹೆಸರನ್ನೂ ತಿಥಿಯನ್ನೂ ಆಯ್ದುಕೊಂಡು ಪದ್ಯಗಳನ್ನು ಹೊಟ್ಟಿನಂತೆ ತೂರಿಬಿಡುವನು. ಸಾಹಿತ್ಯದ ವಿದ್ಯಾರ್ಥಿ ಅಚ್ಚಾದ ಕಾವ್ಯವನ್ನು ಬಿಟ್ಟು ಕಲ್ಲಿನ ಕಾವ್ಯದ ಕಡೆಗೆ ಅಪರೂಪವಾಗಿ ತಿರುಗುವನು. ೧೨೦೪ರ ಕಲ್ಹೋಳಿಯ ರಟ್ಟಶಾಸನವನ್ನು ರಚಿಸಿದವನು ‘ಪಾರ್ಶ್ವನಾಥಪುರಾಣ’ದ ಕವಿಯಾದ ಪಾರ್ಶ್ವಪಂಡಿತನೇ ಎಂದು ಕವಿಚರಿತೆಕಾರರು ಗುರುತಿಸಿ ಎಷ್ಟೋ ಕಾಲವಾಯಿತು. ಕಾಲ ಗೊತ್ತಿರುವ, ಪ್ರತಿಕಾರರ ಕೈ ಸೋಕದ, ಒಬ್ಬ ಚಂಪೂಕವಿಯ ಪದ್ಯಗಳು ಕಲ್ಲಿನಲ್ಲಿರುವುದು ಸಣ್ಣ ಸಂಗತಿಯಲ್ಲ. ಓಲೆಯ ಪ್ರತಿಗಳಲ್ಲಿ ಬಂದ ಪಾಠಗಳನ್ನು ಶೋಧಿಸುವುದಕ್ಕೆ ಆ ಭಾಷೆಯೇ ಅಳತೆಗೋಲು. ಕಿತ್ತೂರಿಗೆ ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ದೇಗುಲದ ದೇವರು ಕಮಲನಾರಾಯಣ. ಲಕ್ಷ್ಮಿಯ ಹೆಸರೂ ರಾಣಿಯ ಹೆಸರೂ ಆ ಒಂದು ಪದದಲ್ಲಿ ಶ್ಲೇಷವಾಗಿ ಕೂಡಿರುವುದನ್ನು ಅಲಂಕಾರಶಾಸ್ತ್ರ ಓದಿದವನು ಕೂಡಲೆ ಕಾಣುವನು. ಹೂಲಿಯ ಶಾಸನಗಳಲ್ಲಿ ಸಾಸಿರ ಮಹಾಜನರ ವಿದ್ಯೆಯ ವರ್ಣನೆ ಬರುವಾಗ ಯಾವುದು ಕವಿಸಮಯ, ಯಾವುದು ಆ ಅಗ್ರಹಾರಕ್ಕೇ ವಿಶಿಷ್ಟವಾದ ಸಂಗತಿ ಎಂದು ವಿಂಗಡಿಸಲು ಇತರ ಅಗ್ರಹಾರಗಳ ವರ್ಣನೆಯೊಡನೆ ಪದಪದವಾಗಿ ಹೋಲಿಸಬೇಕು. ರಾಮದುರ್ಗದ ಕಡೆಯ ತೊರಗಲ್ಲು ಒಂದು ಕಾಲಕ್ಕೆ ಆರುಸಾಸಿರ ನಾಡಿನ ತಲೆಯೂರು. ಅಲ್ಲಿಯ ಭೂತನಾಥನ ದೇಗುಲದ ಶಿಲ್ಪವನ್ನು ನೋಡಲು ಬರುವವರಲ್ಲಿ ಊರಿನ ಲೇಖಗಳ ಛಂದಸ್ಸನ್ನು ವಿಚಾರಿಸುವವರು ವಿರಳ.

ಹೀಗಿರಲು ಮಾಡತಕ್ಕುದೇನು? ಮೊದಲನೆಯದಾಗಿ, ಈ ನಾಲ್ಕು ಸೀಮೆಗಳ ಶಾಸನಗಳೆಲ್ಲವೂ ಒಂದೆಡೆಯಲ್ಲಿ, ಫ್ಲೀಟ್ ಮತ್ತು ಬಾರ್ನೆಟ್ಟರ ಪಾಠಗಳನ್ನು ಅಡಿಯಲ್ಲಿಟ್ಟು, ಶಿಲೆಯೊಡನೆ ಮತ್ತೆ ಹೋಲಿಸಿ ಪಾಠಾಂತರಸಹಿತವಾಗಿ ಅಚ್ಚಾಗಬೇಕು. ಸಮಕಾಲೀನ ಭಾಗ ಯಾವುದು, ಅನುವಾದಭಾಗ ಯಾವುದು ಎಂಬುದನ್ನು ಪ್ರತಿಯೊಂದರಲ್ಲಿಯೂ ಬೇರೆ ತೋರಿಸಬೇಕು. ಎರಡನೆಯದಾಗಿ, ಶಾಸನಶಾಸ್ತ್ರದ ವಿದ್ಯಾರ್ಥಿಗೆ ಲಿಪಿಯೊಡನೆ ಹಳಗನ್ನಡ ವ್ಯಾಕರಣ, ಸಂಸ್ಕೃತ, ಪ್ರಾಕೃತ, ಛಂದಸ್ಸು ಇವುಗಳನ್ನು ಗ್ರಂಥಮುಖೇನ ಪಾಠ ಹೇಳಬೇಕು. ಸಾಹಿತ್ಯದ ವಿದ್ಯಾರ್ಥಿಯನ್ನು ವರ್ಷಕ್ಕೊಮ್ಮೆಯಾದರೂ ಶಿಲೆಯ ಮುಂದೆ ನಿಲ್ಲಿಸಬೇಕು. ಸವದತ್ತಿ ಧಾರವಾಡಕ್ಕೆ ಸುಮಾರು ೪೦ ಕಿಲೋಮೀಟರು. ಮೂರನೆಯದಾಗಿ, ವಿದ್ಯಾರ್ಥಿ ತಂದ ಹೊಸ ಶಿಲೆಗೆ ಕೊಡುವ ಮನ್ನಣೆಯನ್ನೇ ಹಳೆಯ ಶಿಲೆಯ ಒಂದು ಅಕ್ಷರವನ್ನು ಸಕಾರಣವಾಗಿ ತಿದ್ದಿದವನಿಗೂ ಕೊಡಬೇಕು.

ದೇಗುಲದ ಗೋಡೆಗೆ ಸುಣ್ಣ ಬಳಿಯುವಾಗ, ಹೊಸ ಕಟ್ಟಡಕ್ಕೆ ಅಡಿಗಲ್ಲು ಹುಡುಕುವಾಗ, ಅಕ್ಷರಗಳು ಅಳಿಯುವುದಕ್ಕೆ ಒಂದು ದಿನ ಸಾಕು. ಅಳಿದ ಅಕ್ಷರವನ್ನು ಯಾವ ಮಸಿಯಚ್ಚೂ ಪೂರ್ತಿಯಾಗಿ ತಂದುಕೊಡದು. ಪೃಥ್ವೀರಾಮನ ಕಾಲದ ಪ್ರಶ್ನೆಯನ್ನು ಮುಂದೆ ಯಾರಾದರೂ ಇಲ್ಲಿ ಹೇಳಿದುದಕ್ಕೆ ವಿರುದ್ಧವಾಗಿ ನಿರ್ಣಯಿಸಿದರೂ ಬಾಧಕವಿಲ್ಲ. ಅವರು ಶಿಲೆಯನ್ನು ನೋಡಿ ನಿರ್ಣಯಿಸಿರಬೇಕು. ಆ ಅವಕಾಶವನ್ನು ಉಳಿಸಿಡುವುದು ಇಂದಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದ ಕರ್ತವ್ಯವಾಗಿದೆ.