ಹಸಿರು ರಟ್ಟಿನ ಪುಸ್ತಕ

ಕಂಪ್ಯೂಟರ್ ಸೈನ್ಸ್ ಓದುವ ಮೂರನೇ ವರ್ಷದ ಹುಡುಗ ಹುಡುಗಿಯರ ರೂಮಲ್ಲಿ ಸಿಲಬಸ್ಸಿನ ಪುಸ್ತಕ ಇಲ್ಲದಿದ್ದರೂ ಹಸಿರು ರಟ್ಟಿನ ಒಂದು ದಪ್ಪ ಪುಸ್ತಕ ಮಾತ್ರ ಇರುತ್ತೆ. ಕೆಲವರದ್ದು ಒರಿಜಿನಲ್, ಕೆಲವರದ್ದು ಅವೆನ್ಯೂ ರೋಡಿನ ಸೆಕೆಂಡ್ ಹ್ಯಾಂಡ್, ಉಳಿದವರದ್ದು ಸ್ಪೈರಲ್ ಬೈಂಡಿಂಗ್ ಮಾಡಿಸಿದ ಜೆರಾಕ್ಸ್. ಗೇಲ್ ಲಾಕ್‌ಮನ್ ಮೆಕ್‌ಡೊವೆಲ್ ಬರೆದ ‘ಕ್ರ್ಯಾಕಿಂಗ್ ದ ಕೋಡಿಂಗ್ ಇಂಟರ್‌ವ್ಯೂ’. 2015ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ 189 ಪ್ರಶ್ನೆಗಳು, ಅವುಗಳ ಉತ್ತರಗಳು, ಎಲ್ಲ ಸೇರಿ 700 ಪುಟದ ಆಸುಪಾಸು. ಲೇಖಕಿ ಗೂಗಲ್, ಮೈಕ್ರೋಸಾಫ್ಟ್, ಆ್ಯಪಲ್ ಮೂರರಲ್ಲೂ ಕೆಲಸ ಮಾಡಿದವರು.

ಗೈಡು ತಾನೇ, ಅದಕ್ಕೇನು ವಿಮರ್ಶೆ ಅಂತೀರಾ? ಕಾದಂಬರಿಗೆ ಬರೀತೀವಿ, ಸಿನಿಮಾಗೆ ಬರೀತೀವಿ. ಒಂದು ತಲೆಮಾರಿನ ಎಂಜಿನಿಯರುಗಳಿಗೆ ‘ಸಾಫ್ಟ್‌ವೇರ್ ಕೆಲಸ ಅಂದ್ರೆ ಹೀಗಿರುತ್ತೆ’ ಅಂತ ಕಲ್ಪನೆ ಕೊಟ್ಟ ಪುಸ್ತಕವನ್ನ ಮಾತ್ರ ಬರೀ ಬಿಡಿಸಿ ಪಕ್ಕಕ್ಕಿಡ್ತೀವಿ. ನಾನು ಇದನ್ನ ಮೊದಲು ಕೆಲಸ ಹುಡುಕುವಾಗ ಓದಿದ್ದೆ. ಈಗ ಆಗಾಗ ಇಂಟರ್‌ವ್ಯೂ ಮಾಡುವ ಕಡೆ ಕೂರ್ತೀನಲ್ಲ, ಅದಕ್ಕೇ ಮತ್ತೊಮ್ಮೆ ಮೊದಲಿಂದ ಕೊನೆತನಕ ಓದಿದೆ.

ಒಳ್ಳೆಯದನ್ನ ಮೊದಲು ಹೇಳ್ತೀನಿ, ಯಾಕಂದ್ರೆ ಅದು ಸಣ್ಣದಲ್ಲ. ಪ್ರಶ್ನೆ ಬಿಡಿಸುವುದಕ್ಕೆ ಏಳು ಹೆಜ್ಜೆ ಕೊಡ್ತಾರೆ: ಕೇಳಿಸ್ಕೊ, ಉದಾಹರಣೆ ಬರಿ, ಮೊದಲು ಒರಟಾದ ಉತ್ತರ ಹೇಳು, ಆಮೇಲೆ ಅದನ್ನ ಸುಧಾರಿಸು, ಒಮ್ಮೆ ನಡೆದು ನೋಡು, ಕೋಡ್ ಬರಿ, ಪರೀಕ್ಷಿಸು. ಇದರಲ್ಲಿ ಮೂರನೆಯದ್ದು ನಮ್ಮ ಮಕ್ಕಳಿಗೆ ಕ್ರಾಂತಿ ಇದ್ದ ಹಾಗೆ. ಪಿಯುಸಿಯಿಂದ ‘ಸರಿ ಉತ್ತರ ಗೊತ್ತಿದ್ರೆ ಕೈ ಎತ್ತು’ ಅಂತ ಬೆಳೆಸಿದವರಿಗೆ ‘ಪೆದ್ದು ಉತ್ತರ ಮೊದಲು ಹೇಳು, ಪರವಾಗಿಲ್ಲ’ ಅಂತ ಯಾರಾದ್ರೂ ಹೇಳಿದ್ರಾ? ಪ್ರಶ್ನೆಗೆ ಸುಳಿವು ಬೇಕಿದ್ದರೆ ಹಿಂದಿನ ಪುಟಗಳಿಗೆ ಹೋಗಬೇಕು. ಅಲ್ಲಿ ಸುಳಿವುಗಳನ್ನ ಬೇಕಂತಲೇ ಚೆಲ್ಲಾಪಿಲ್ಲಿ ಮಾಡಿಟ್ಟಿದ್ದಾರೆ, ಮುಂದಿನ ಸುಳಿವು ಅಪ್ಪಿತಪ್ಪಿ ಕಣ್ಣಿಗೆ ಬೀಳಬಾರದು ಅಂತ. ಓದುಗನ ಮೇಲೆ ಗೌರವ ಇರುವವರು ಮಾತ್ರ ಇಷ್ಟು ತಲೆಕೆಡಿಸ್ಕೋತಾರೆ.

ನನ್ನ ತಕರಾರು ಬೇರೆ. ಈ ಪುಸ್ತಕದ ಜಗತ್ತಿನಲ್ಲಿ ಪ್ರತಿ ಕೆಲಸವೂ ಖಾಲಿ ಬೋರ್ಡಿನಿಂದ ಶುರುವಾಗಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ. ನಿಜದ ಕೆಲಸದಲ್ಲಿ ಬೋರ್ಡು ಯಾವತ್ತೂ ಖಾಲಿ ಇರಲ್ಲ ಮಾರಾಯ್ರೆ. ಹತ್ತು ಹನ್ನೆರಡು ವರ್ಷದ ಹಿಂದೆ ಯಾರೋ ಬರೆದು, ಇನ್ಯಾರೋ ತೇಪೆ ಹಾಕಿ, ಇಬ್ಬರೂ ಕಂಪನಿ ಬಿಟ್ಟು ಹೋಗಿರುವ ಕೋಡನ್ನ ಓದಿ ಅರ್ಥ ಮಾಡ್ಕೊಳ್ಳೋದೇ ಮೊದಲ ವರ್ಷದ ಅರ್ಧ ಕೆಲಸ. ಮ್ಯಾಕ್ಸ್ ಹೋವೆಲ್ ಕಥೆ ನಿಮಗೆ ಗೊತ್ತಿರಬಹುದು. ಮ್ಯಾಕ್ ಬಳಸುವ ಪ್ರೋಗ್ರಾಮರುಗಳಲ್ಲಿ ಬಹಳ ಜನ ಇನ್‌ಸ್ಟಾಲ್ ಮಾಡ್ಕೊಳ್ಳುವ ‘ಹೋಮ್‌ಬ್ರೂ’ ಬರೆದ ಮನುಷ್ಯ. ಬೋರ್ಡಿನ ಮೇಲೆ ಬೈನರಿ ಟ್ರೀ ತಿರುಗಿಸಲು ಬರಲಿಲ್ಲ ಅಂತ ಗೂಗಲ್ ತನ್ನನ್ನ ಬೇಡ ಅಂದಿತು ಅಂತ ಟ್ವಿಟರ್‌ನಲ್ಲಿ ಬರ್ಕೊಂಡ. ಅದೂ 2015ರಲ್ಲೇ, ಈ ಆವೃತ್ತಿ ಬಂದ ವರ್ಷ.

ಹಾಗಂತ ಪುಸ್ತಕಕ್ಕೆ ನಿಜದ ಕೆಲಸ ಗೊತ್ತೇ ಇಲ್ಲ ಅಂದ್ಕೋಬೇಡಿ. 11ನೇ ಅಧ್ಯಾಯ ತೆಗೀರಿ, ಟೆಸ್ಟಿಂಗ್. ಅಲ್ಲೊಂದು ಪ್ರಶ್ನೆ ಇದೆ: ಒಂದು ಪ್ರೋಗ್ರಾಮು ಕ್ರ್ಯಾಶ್ ಆಗ್ತಿದೆ. ಹತ್ತು ಸಲ ಓಡಿಸಿದರೂ ಒಂದೇ ಜಾಗದಲ್ಲಿ ಎರಡು ಸಲ ಬೀಳ್ತಿಲ್ಲ. ಕಾರಣ ಏನಿರಬಹುದು, ಹೇಗೆ ಹುಡುಕ್ತೀಯ? ಗುರೂ, ನನ್ನ ಎಷ್ಟೋ ಮಂಗಳವಾರಗಳು ಹೀಗೇ ಕಳೆದಿವೆ. ಇದೇ ಅಧ್ಯಾಯದಲ್ಲಿ ಎಟಿಎಂ ಮೆಷೀನನ್ನ ಹೇಗೆ ಪರೀಕ್ಷಿಸ್ತೀಯ ಅಂತ ಇನ್ನೊಂದು ಪ್ರಶ್ನೆ. ದುಡ್ಡು ಬರುವ ಮುಂಚೆ ಕರೆಂಟ್ ಹೋದ್ರೆ? ಬ್ಯಾಂಕಿನ ಕಡೆಯಿಂದ ಉತ್ತರ ತಡವಾದ್ರೆ? ಹೀಗೆ ಯೋಚಿಸುವ ತಲೆಗೆ ಪ್ರತಿ ಟೀಮಿನಲ್ಲೂ ಬೆಲೆ ಇದೆ. ಆದರೆ ಸೆಕೆಂಡ್ ಹ್ಯಾಂಡ್ ಪ್ರತಿ ತಿರುವಿ ನೋಡಿ. ಅರೇ, ಲಿಂಕ್ಡ್ ಲಿಸ್ಟ್, ಟ್ರೀ ಅಧ್ಯಾಯಗಳಲ್ಲಿ ಪೆನ್ಸಿಲ್ ಗೀಟು, ಚಹಾದ ಕಲೆ. 11ನೇ ಅಧ್ಯಾಯ ಹೊಸ ನೋಟಿನ ಹಾಗೆ ಗರಿಗರಿ. ಟೆಸ್ಟಿಂಗ್ ಅಂದ್ರೆ ಕೋಡಿಂಗ್ ಬಾರದವರ ಕೆಲಸ ಅನ್ನುವ ಜಾತಿಪದ್ಧತಿ ನಮ್ಮ ಕಾಲೇಜುಗಳಲ್ಲಿ ಇವತ್ತಿಗೂ ಇದೆಯಲ್ಲ.

ಆಫರ್ ಬಂದ ಮೇಲೆ ಏನು ಅನ್ನುವ ಅಧ್ಯಾಯ ಓದುವಾಗ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರೀತು. ಗಡುವು ಮುಂದೂಡಿ ಅಂತ ಕೇಳುವುದು ಹೇಗೆ, ಸಂಬಳದ ಚೌಕಾಸಿ ಹೇಗೆ, ಬೇಡ ಅಂತ ಮರ್ಯಾದೆಯಿಂದ ಹೇಳುವುದು ಹೇಗೆ. ಇಷ್ಟೆಲ್ಲ ಆಗಬೇಕಾದ್ರೆ ಕೈಯಲ್ಲಿ ಎರಡು ಆಫರಾದ್ರೂ ಬೇಕು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಒಂದು ಆಫರ್ ಸಿಕ್ಕ ಕೂಡಲೇ ಮುಂದಿನ ಕಂಪನಿಗೆ ಕೂರುವ ಹಾಗಿಲ್ಲ. ಮೊದಲು ಬಂದ ಸರ್ವಿಸ್ ಕಂಪನಿ ವರ್ಷಕ್ಕೆ 3.5 ಲಕ್ಷದ ಆಸುಪಾಸು ಹೇಳುತ್ತೆ, ಹತ್ತು ವರ್ಷಕ್ಕೂ ಮೇಲಾಯ್ತು ಆ ಅಂಕಿ ಹೆಚ್ಚುಕಮ್ಮಿ ಅಲ್ಲೇ ಕೂತಿದೆ. ಟಿಸಿಎಸ್‌ನಂಥ ಕಡೆ ಪರೀಕ್ಷೆಯ ಅಂಕದ ಮೇಲೆ ನಿಂಜಾ, ಡಿಜಿಟಲ್, ಪ್ರೈಮ್ ಅಂತ ವಿಂಗಡಿಸಿ, ಅದರ ಪ್ರಕಾರ ಸಂಬಳ. ಚೌಕಾಸಿ ಯಾರ ಹತ್ರ ಮಾಡ್ತೀರಿ? ಸ್ಕ್ರೀನಿನ ಹತ್ರವಾ? ಇದು ಲೇಖಕಿಯ ತಪ್ಪಲ್ಲ, ಅವರು ಬರೆದದ್ದು ಬೇರೆ ಊರಿನ ಸಂತೆಯ ಬಗ್ಗೆ. ಇಲ್ಲಿನ ಪ್ಲೇಸ್‌ಮೆಂಟ್ ತರಬೇತಿಯವರು ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ಬಿಟ್ಟು ನಡುವಿನ 189 ಪ್ರಶ್ನೆ ಮಾತ್ರ ಹರಿದು ಕೊಡ್ತಾರೆ. ಪುಸ್ತಕದಲ್ಲಿ ಅಭ್ಯರ್ಥಿಗೂ ಒಂದು ದನಿ ಇತ್ತು, ಅದು ಜೆರಾಕ್ಸಿನಲ್ಲಿ ಬರಲಿಲ್ಲ.

ದನಿ ಅಂದಾಗ ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಯೋಚಿಸ್ತಾ ಜೋರಾಗಿ ಮಾತಾಡು ಅಂತ ಪುಸ್ತಕ ಮತ್ತೆ ಮತ್ತೆ ಹೇಳುತ್ತೆ. ಮೌಲ್ಯಮಾಪನದ ಪಟ್ಟಿಯಲ್ಲಿ ವಿಶ್ಲೇಷಣೆ, ಕೋಡಿಂಗು, ಮೂಲಜ್ಞಾನ, ಅನುಭವದ ಜೊತೆ ಕೊನೆಗೆ ಸಂವಹನವೂ ಇದೆ. ಸರಿ. ಆದರೆ ಯಾವ ಭಾಷೆಯಲ್ಲಿ ಯೋಚಿಸ್ತಾ? ಹಾವೇರಿ ಕಡೆಯಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಹುಡುಗಿ ಒಮ್ಮೆ ನನ್ನ ಮುಂದೆ ಕೂತಿದ್ದಳು. ಇಂಗ್ಲಿಷಿನಲ್ಲಿ ಎರಡು ವಾಕ್ಯ, ಆಮೇಲೆ ಮೌನ. ‘ಕನ್ನಡದಲ್ಲೇ ಹೇಳಿ’ ಅಂದೆ. ಹತ್ತು ಸೆಕೆಂಡ್ ನನ್ನ ಮುಖ ನೋಡಿ ಶುರು ಮಾಡಿದಳು: ‘ಸರ್, ಒಮ್ಮೆ ಎಣಿಸೀನಿ ಅಂದ್ಮೇಲೆ ಮತ್ಯಾಕ ಎಣಿಸ್ಬೇಕ್ರಿ? ಬರದಿಟ್ಕೊಂಡ್ರ ಸಾಕಲ್ರಿ.’ ಒಂದೇ ಕೆಲಸವನ್ನ ಎರಡು ಸಲ ಮಾಡ್ಬೇಡ ಅನ್ನೋದು ಈ ಪುಸ್ತಕ ಸುಧಾರಣೆಗೆ ಹೇಳಿಕೊಡುವ ಮುಖ್ಯ ಸೂತ್ರಗಳಲ್ಲೊಂದು. ಅವಳು ಅದನ್ನ ಓದಿರಲಿಲ್ಲ. ಮೌನವನ್ನ ದಡ್ಡತನ ಅಂತ ಬರ್ಕೊಳ್ಳುವ ಇಂಟರ್‌ವ್ಯೂಗಳಲ್ಲಿ ಇಂಥವರು ಎಷ್ಟು ಮಂದಿ ವಾಪಸ್ ಬಸ್ ಹತ್ತಿದರೋ. ಇದರ ಬಗ್ಗೆ ಪುಸ್ತಕದಲ್ಲಿ ಒಂದು ಪ್ಯಾರಾ ಇದ್ದಿದ್ದರೆ ಚೆನ್ನಾಗಿತ್ತು.

ದಾರಿಗಳ ವಿಷಯಕ್ಕೆ ಬಂದ್ರೆ, ಪುಸ್ತಕ ಒಳಗಿನ ಪ್ರಕ್ರಿಯೆಯನ್ನ ವಿವರಿಸೋದು ಆರು ಕಂಪನಿಗಳದ್ದು: ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್, ಆ್ಯಪಲ್, ಫೇಸ್‌ಬುಕ್, ಪಲಂಟೀರ್. ಹುಡುಗರ ತಲೆಯಲ್ಲಿ ಉದ್ಯಮ ಅಂದ್ರೆ ಅಷ್ಟೇ ಆಗಿಬಿಟ್ಟಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ, ಚಿಪ್ ವಿನ್ಯಾಸದ ಕೆಲಸ ಈ ಊರಿಗೆ ಅಷ್ಟು ಹಳೇದು. ಬಾಷ್, ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರಗಳಲ್ಲಿ ಕಾರಿನೊಳಗಿನ ಸಾಫ್ಟ್‌ವೇರ್ ಬರೀತಾರೆ. ದೇಶದಲ್ಲೇ ಅತಿ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದ್ರೆ ಎಲ್ಲರೂ ಜಿಸಿಸಿ ಅನ್ನುವ ಕಚೇರಿಗಳು, ಇಲ್ಲೇ ಇವೆ. ಬ್ಯಾಂಕು, ವಿಮಾನ, ದಿನಸಿ ಸರಪಳಿ, ಎಲ್ಲದರದ್ದೂ.

ತಮಾಷೆ ಏನಂದ್ರೆ ಈ ದಾರಿಗಳ ನಕ್ಷೆಯೂ ಇದೇ ಪುಸ್ತಕದಲ್ಲಿ ಅಡಗಿದೆ, ಯಾರೂ ತಿರುವದ ಅಧ್ಯಾಯಗಳಲ್ಲಿ. 5ನೇದು ಬಿಟ್‌ಗಳದ್ದು, 12ನೇದು ಸಿ ಮತ್ತು ಸಿ++. ಅಲ್ಲಿ ‘ವೊಲಟೈಲ್’ ಅನ್ನುವ ಪದದ ಅರ್ಥ ಏನು ಅಂತ ಒಂದು ಪ್ರಶ್ನೆ. ವೆಬ್ ಕೆಲಸ ಮಾಡುವವನಿಗೆ ಆ ಪದ ಜನ್ಮದಲ್ಲಿ ಬೇಕಾಗಲ್ಲ. ಆದರೆ ಹಾರ್ಡ್‌ವೇರಿನ ರಿಜಿಸ್ಟರ್ ಓದುವವನು ಅದನ್ನ ಮರೆತರೆ, ಕಂಪೈಲರು ತಾನೇ ಬುದ್ಧಿವಂತ ಅಂದ್ಕೊಂಡು ಹಳೇ ಬೆಲೆಯನ್ನೇ ಬಳಸುತ್ತೆ, ಅಲ್ಲಿಗೆ ಮೋಟಾರು ನಿಂತ ಸುದ್ದಿ ನಿಮ್ಮ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ. ಆ ಪ್ರಶ್ನೆ ಓದಿ ಯಾರಿಗಾದ್ರೂ ಕುತೂಹಲ ಕೆರಳಿದ್ರೆ ಅವರು ಹೋಗಬೇಕಾದ ಕಡೆ ಬೇರೆ. 14ನೇದು ಡೇಟಾಬೇಸ್, 15ನೇದು ಥ್ರೆಡ್‌ಗಳು, ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಜೀವ ಹೋಗುವುದು ಬರುವುದು ಈ ಎರಡರಲ್ಲೇ.

ಇಂಟರ್‌ವ್ಯೂ ಮಾಡುವವರಿಗೇ ಪ್ರಶ್ನೆ ಕೇಳುವ ಬಗ್ಗೆ ಪುಸ್ತಕದ ಮುಂಭಾಗದಲ್ಲಿ ಒಂದು ಸಣ್ಣ ಭಾಗ ಇದೆ. ನನಗೆ 189ಕ್ಕಿಂತ ಅದೇ ಇಷ್ಟ. ಕೊನೆಯಲ್ಲಿ ‘ನಿಮಗೇನಾದ್ರೂ ಕೇಳೋದಿದೆಯಾ?’ ಅಂದಾಗ ನಮ್ಮವರು ಹೆಚ್ಚಿನಂಶ ‘ನೋ ಸರ್, ಥ್ಯಾಂಕ್ಯೂ ಸರ್’ ಅಂತಾರೆ. ಕೇಳ್ರಪ್ಪ. ಈ ಟೀಮಿಗೆ ಕೊನೆಗೆ ಸೇರಿದ ಫ್ರೆಶರು ಹೋದ ವಾರ ಏನು ಮಾಡಿದ? ಬರೆದನಾ, ಓದಿದನಾ, ಬರೀ ಮೀಟಿಂಗಿನಲ್ಲಿ ಕೂತಿದ್ದನಾ? ಎದುರಿಗಿರುವವರು ಥಟ್ಟಂತ ಹೇಳಿದ್ರೆ ಒಂದು ಲೆಕ್ಕ, ಮುಖ ಮುಖ ನೋಡ್ಕೊಂಡ್ರೆ ಇನ್ನೊಂದು.